ಹಳೆಯ ಎಲುಬಿನ ವಯಸ್ಸನ್ನು ಪರಮಾಣುಗಳಿಂದ ತಿಳಿಯುವುದು ಹೇಗೆ?

ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನೆಲ ಅಗೆಯುವ ಕೆಲಸ ನಿಂತದ್ದೇ ಇಲ್ಲ. ಹೊಲ ಮಟ್ಟ ಮಾಡುವುದಕ್ಕೆ, ಕೃಷಿ ಹೊಂಡಕ್ಕೆ, ರಸ್ತೆಗೆ ಗರಸು ತರುವುದಕ್ಕೆ ಜೆಸಿಬಿ ಇಳಿದಲ್ಲೆಲ್ಲ ಹಳೆಯ ಎಲುಬೋ ಹಲ್ಲೋ ಮೇಲೆ ಬರುವ ಸಂಭವ ಇದ್ದೇ ಇದೆ. ಹಾಗೆ ಬಂದದ್ದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ದಾಟುವಾಗ ಅದರ ವಯಸ್ಸು ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಕೋಟಿಗೆ ಏರಿಬಿಡುತ್ತದೆ.

ವಿದ್ವಾಂಸರು ಪ್ರಕಟಿಸಿದ ಸಂಖ್ಯೆಗಳನ್ನೇ ನೋಡಿದರೂ ಸಾಮಾನ್ಯ ಓದುಗನಿಗೆ ಗೊಂದಲ ತಪ್ಪುವುದಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ದನಗಳನ್ನು ಕಡಿದು ಮಾಂಸ ಬೇರ್ಪಡಿಸಿದ ನೆಲಹಾಸು ಉತ್ಖನನದಲ್ಲಿ ದೊರೆತಿದ್ದು, ಆ ನವಶಿಲಾಯುಗದ ನೆಲೆಯ ಕಾಲ ಇಂದಿಗೆ ಸುಮಾರು 4,000 ವರ್ಷಗಳ ಆಸುಪಾಸು ಎನ್ನುತ್ತಾರೆ. ಅಲ್ಲಿಂದ ದೂರವೇನೂ ಅಲ್ಲದ ಹುಣಸಗಿ–ಬೈಚಬಾಳ ಕಣಿವೆಯ ಕೆಲವು ನೆಲೆಗಳ ಪ್ರಾಣಿ ಅವಶೇಷಗಳಿಗೆ ಸುಮಾರು 2.9 ಲಕ್ಷ ವರ್ಷ ಎಂಬ ಲೆಕ್ಕವಿದೆ. ಅದೇ ಕಣಿವೆಯ ಇಸಾಂಪುರದ ಹಲ್ಲುಗಳಿಗೆ 12.7 ಲಕ್ಷ ವರ್ಷ ಎಂದು ಪ್ರಕಟವಾಗಿದೆ. ಈ ಮೂರರಲ್ಲಿ ಯಾವುದೋ ಒಂದು ತಪ್ಪಿರಬೇಕು ಎಂದುಕೊಳ್ಳಬೇಕಾಗಿಲ್ಲ. ಇವು ಬೇರೆಬೇರೆ ಕಾಲದ ವಸ್ತುಗಳು. ಮೂರನ್ನೂ ಅಳೆದದ್ದು ಮೂರು ಬೇರೆಬೇರೆ ವಿಧಾನಗಳಿಂದ. ಆ ವಿಧಾನಗಳಲ್ಲಿ ಎಣಿಕೆ ಶುರುವಾಗುವ ಘಟನೆಯೂ ಒಂದೇ ಅಲ್ಲ. ಎಲುಬಿನ ವಯಸ್ಸು ಎಂದು ಯಾರಾದರೂ ಒಂದು ಸಂಖ್ಯೆ ಹೇಳಿದರೆ, ಎಣಿಕೆ ಎಲ್ಲಿಂದ ಶುರುವಾಯಿತು ಎಂದು ಮೊದಲು ಕೇಳಬೇಕು.

ಎಲುಬಿನೊಳಗೆ ಇರುವುದೇನು

ಒಣಗಿದ ಎಲುಬಿನ ತೂಕದಲ್ಲಿ ಹೆಚ್ಚಿನ ಪಾಲು ಖನಿಜದ್ದು. ಕ್ಯಾಲ್ಸಿಯಂ ಮತ್ತು ರಂಜಕ ಕೂಡಿ ಆದ ಈ ಖನಿಜಕ್ಕೆ ಹೈಡ್ರಾಕ್ಸಿಅಪಟೈಟ್ ಎಂದು ಹೆಸರು. ಎಲುಬಿನ ಗಟ್ಟಿತನ ಇದರಿಂದ ಬಂದದ್ದು. ಉಳಿದ ಪಾಲಿನಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನ್. ಎಲುಬು ಸುಲಭವಾಗಿ ಮುರಿಯದೆ ತುಸು ಬಾಗುವುದು ಈ ನಾರಿನಂಥ ವಸ್ತುವಿನಿಂದ. ಕೊಲಾಜೆನ್‌ನಲ್ಲಿ ಕಾರ್ಬನ್ ಇದೆ, ಖನಿಜದಲ್ಲಿ ಕ್ಯಾಲ್ಸಿಯಂ ಇದೆ. ಮಣ್ಣಿನಲ್ಲಿ ಬಹಳ ಕಾಲ ಬಿದ್ದ ಮೇಲೆ ಅಂತರ್ಜಲದಿಂದ ಬಂದು ಸೇರುವ ಯುರೇನಿಯಂ ಮೂರನೆಯದು. ಮುಂದೆ ಹೇಳುವ ವಿಧಾನಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದನ್ನು ಹಿಡಿದು ನಡೆಯುತ್ತವೆ.

ಹಲ್ಲಿನ ಹೊರಗವಚವಾದ ಎನಾಮಲ್‌ನಲ್ಲಿ ಪ್ರೋಟೀನ್ ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಖನಿಜವೇ. ಅದರ ಹರಳುಗಳು ಒತ್ತೊತ್ತಾಗಿ ಇರುವುದರಿಂದ ಮಣ್ಣಿನ ನೀರು ಅದರೊಳಗೆ ಅಷ್ಟು ಬೇಗ ಇಳಿಯುವುದಿಲ್ಲ. ಅತಿ ಪುರಾತನ ನೆಲೆಗಳಲ್ಲಿ ಎಲುಬೆಲ್ಲ ಪುಡಿಯಾಗಿ ಹಲ್ಲು ಮಾತ್ರ ಉಳಿಯುವುದಕ್ಕೂ, ವಿಜ್ಞಾನಿಗಳು ಹಲ್ಲಿನ ಮೇಲೆ ಹೆಚ್ಚು ಭರವಸೆ ಇಡುವುದಕ್ಕೂ ಇದು ಕಾರಣ.

ಸಮಸ್ಥಾನಿ ಮತ್ತು ಅರ್ಧಾಯು

ಒಂದೇ ಮೂಲವಸ್ತುವಿನ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಕಾರ್ಬನ್ ಪರಮಾಣುವಿನ ನಡುವೆ 6 ಪ್ರೋಟಾನ್ ಇರಲೇಬೇಕು. ಅವುಗಳ ಜೊತೆಗಿರುವ ನ್ಯೂಟ್ರಾನ್ ಮಾತ್ರ 6, 7 ಅಥವಾ 8 ಇರಬಹುದು. ಎರಡನ್ನೂ ಕೂಡಿಸಿದರೆ ಕಾರ್ಬನ್-12, ಕಾರ್ಬನ್-13, ಕಾರ್ಬನ್-14 ಎಂಬ ಹೆಸರುಗಳು ಸಿಗುತ್ತವೆ. ಇವುಗಳನ್ನು ಸಮಸ್ಥಾನಿಗಳು ಎನ್ನುತ್ತಾರೆ. ರಾಸಾಯನಿಕವಾಗಿ ಇವುಗಳ ನಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಗಿಡವಾಗಲಿ ದನವಾಗಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿ ತಿನ್ನಲಾರದು. ಮೊದಲ ಎರಡು ಎಂದೆಂದಿಗೂ ಹಾಗೆಯೇ ಇರುತ್ತವೆ. ಕಾರ್ಬನ್-14 ಮಾತ್ರ ಅಸ್ಥಿರ. ಒಂದಲ್ಲ ಒಂದು ದಿನ ತನ್ನಷ್ಟಕ್ಕೆ ತಾನೇ ಒಂದು ಕಣವನ್ನು ಹೊರಹಾಕಿ ಸಾರಜನಕವಾಗಿ ಮಾರ್ಪಡುತ್ತದೆ. ವಿಕಿರಣಶೀಲತೆ ಎಂದರೆ ಇಷ್ಟೇ.

ಯಾವ ಪರಮಾಣು ಯಾವಾಗ ಮಾರ್ಪಡುತ್ತದೆ ಎಂದು ಹೇಳಲಾಗದು. ಆದರೆ ಕೋಟಿಗಟ್ಟಲೆ ಪರಮಾಣುಗಳಲ್ಲಿ ಅರ್ಧದಷ್ಟು ಮಾರ್ಪಡಲು ಎಷ್ಟು ಕಾಲ ಬೇಕು ಎಂಬುದು ನಿಶ್ಚಿತ. ಅದಕ್ಕೆ ಅರ್ಧಾಯು ಎನ್ನುತ್ತಾರೆ. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ. ಕಲಬುರಗಿಯ ಬೇಸಿಗೆಯಾಗಲಿ, ಮಣ್ಣಿನ ಒತ್ತಡವಾಗಲಿ, ಮಳೆಯಾಗಲಿ ಇದನ್ನು ಬದಲಿಸುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಹಗೇವಿನ ಉದಾಹರಣೆಯಿಂದ ಲೆಕ್ಕ ಸುಲಭವಾಗುತ್ತದೆ. 16 ಚೀಲ ಜೋಳ ತುಂಬಿ, ಬಾಯಿಗೆ ಹುಲ್ಲು ಒತ್ತಿ, ಮಣ್ಣು ಮೆತ್ತಿ ಮುಚ್ಚಿದ್ದಾರೆ ಎಂದುಕೊಳ್ಳೋಣ. ಒಳಗಿನ ಹುಳ ಪ್ರತಿ ವರ್ಷ ಇದ್ದ ಕಾಳಿನ ಅರ್ಧದಷ್ಟನ್ನು ತಿನ್ನುವುದಾದರೆ ಒಂದು ವರ್ಷಕ್ಕೆ 8, ಎರಡಕ್ಕೆ 4, ಮೂರಕ್ಕೆ 2 ಚೀಲ ಉಳಿಯುತ್ತದೆ. ತೆರೆದಾಗ 2 ಚೀಲ ಕಂಡರೆ, ಮುಚ್ಚಿ ಮೂರು ವರ್ಷವಾಯಿತು ಎಂದು ಹೇಳಬಹುದು. ಆದರೆ ಹೀಗೆ ಹೇಳಲು ಮೂರು ಸಂಗತಿ ಖಚಿತವಿರಬೇಕು: ಮುಚ್ಚುವಾಗ ಎಷ್ಟು ಚೀಲವಿತ್ತು, ಹುಳ ತಿನ್ನುವ ವೇಗ ಎಷ್ಟು, ಮತ್ತು ನಡುವೆ ಯಾರೂ ಅದನ್ನು ತೆರೆದು ಕಾಳು ಹಾಕಿಲ್ಲ, ತೆಗೆದಿಲ್ಲ. ಎರಡನೆಯದನ್ನು ಭೌತವಿಜ್ಞಾನ ಗಟ್ಟಿಯಾಗಿ ತಿಳಿಸುತ್ತದೆ. ಎಲುಬಿನ ಕಾಲನಿರ್ಣಯದ ತಕರಾರುಗಳೆಲ್ಲ ಬಹುತೇಕ ಮೊದಲನೆಯ ಮತ್ತು ಮೂರನೆಯ ಶರತ್ತುಗಳಿಗೆ ಸಂಬಂಧಿಸಿದವು.

ವಿಕಿರಣಶೀಲ ಎಂಬ ಮಾತು ಕೇಳಿ ಹಳೆಯ ಎಲುಬನ್ನು ಮುಟ್ಟಬಾರದೇನೋ ಎಂದು ಹೆದರುವವರಿದ್ದಾರೆ. ಇಲ್ಲಿ ಮಾತಾಡುತ್ತಿರುವುದು ಅತ್ಯಲ್ಪ ಪ್ರಮಾಣದ ಬಗ್ಗೆ. ಬದುಕಿರುವ ನಮ್ಮ ದೇಹದಲ್ಲಿಯೇ ಪ್ರತಿ ಸೆಕೆಂಡಿಗೆ ಕೆಲವು ಸಾವಿರ ಕಾರ್ಬನ್-14 ಮತ್ತು ಪೊಟ್ಯಾಶಿಯಂ-40 ಪರಮಾಣುಗಳು ಹೀಗೆ ಮಾರ್ಪಡುತ್ತಿರುತ್ತವೆ.

ಕಾರ್ಬನ್-14: ಸಾವಿನಿಂದ ಶುರುವಾಗುವ ಎಣಿಕೆ

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಅವು ಸಾರಜನಕದ ಪರಮಾಣುವಿಗೆ ತಾಗಿದಾಗ ಕಾರ್ಬನ್-14 ಹುಟ್ಟುತ್ತದೆ. ಅದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಯಲ್ಲಿ ಬೆರೆತು ಗಿಡಕ್ಕೆ, ಗಿಡದಿಂದ ದನಕ್ಕೆ, ಮನುಷ್ಯನಿಗೆ ಸೇರುತ್ತದೆ. ಜೀವಂತ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಿಗೆ ಒಂದರಂತೆ ಇದು ಇರುತ್ತದೆ. ಎಷ್ಟು ಕಡಿಮೆ ಎನಿಸಿದರೂ ಒಂದು ಗ್ರಾಂ ಕಾರ್ಬನ್‌ನಲ್ಲಿ ಸುಮಾರು 6,000 ಕೋಟಿ ಕಾರ್ಬನ್-14 ಪರಮಾಣುಗಳು ಇದ್ದೇ ಇರುತ್ತವೆ. ಪ್ರಾಣಿ ಸತ್ತ ಮೇಲೆ ತಿನ್ನುವುದು ನಿಲ್ಲುತ್ತದೆ, ಹೊಸ ಕಾರ್ಬನ್-14 ಬರುವುದೂ ನಿಲ್ಲುತ್ತದೆ, ಇದ್ದದ್ದು ಕರಗುತ್ತ ಹೋಗುತ್ತದೆ. 4,000 ವರ್ಷ ಹಳೆಯ ಎಲುಬಿನಲ್ಲಿ ಮೂಲದ ಶೇ. 62ರಷ್ಟು ಉಳಿದಿರುತ್ತದೆ.

ಕಾರ್ಬನ್-14 ಇದೆ ಎಂಬುದನ್ನು 1940ರಲ್ಲಿ ಅಮೆರಿಕದ ಮಾರ್ಟಿನ್ ಕೇಮನ್ ಮತ್ತು ಸ್ಯಾಮ್ ರೂಬೆನ್ ಕಂಡುಹಿಡಿದರು. ಅದನ್ನು ಕಾಲನಿರ್ಣಯಕ್ಕೆ ಬಳಸಬಹುದೆಂದು ಅದೇ ದಶಕದ ಕೊನೆಗೆ ತೋರಿಸಿದ ವಿಲ್ಲರ್ಡ್ ಲಿಬ್ಬಿ ಅವರಿಗೆ 1960ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಅದಕ್ಕೂ ಮುಂಚೆ ಈ ದಾರಿಯೇ ಇರಲಿಲ್ಲ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುವೆ ಜೇವರ್ಗಿ ಸುತ್ತಿನ ಬೃಹತ್ ಶಿಲಾಯುಗದ ಕಲ್ಗುಪ್ಪೆಗಳನ್ನು ತೆರೆಸಿ, ಒಳಗಿನ ಅಸ್ಥಿಪಂಜರಗಳನ್ನು ತಾಳ್ಮೆಯಿಂದ ವರ್ಣಿಸಿ ಬರೆದರು. ಎಲುಬು ಕೈಯಲ್ಲೇ ಇದ್ದರೂ ಅದರ ಕಾಲವನ್ನು ಅದರಿಂದಲೇ ತಿಳಿಯುವ ಉಪಾಯ ಅವರಿಗಿರಲಿಲ್ಲ.

ಪ್ರಯೋಗಾಲಯದಲ್ಲಿ ಎಲುಬಿನ ಚೂರು

ಎಲುಬಿನಿಂದ ಅರ್ಧ ಗ್ರಾಂ, ಒಂದು ಗ್ರಾಂನಷ್ಟು ಚೂರನ್ನು ಕತ್ತರಿಸಿ, ಮೇಲ್ಪದರವನ್ನು ಕೆರೆದು ತೆಗೆಯುತ್ತಾರೆ. ಆ ಚೂರನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಣ್ಣಗೆ ನೆನೆಹಾಕಿದಾಗ ಖನಿಜವೆಲ್ಲ ನಿಧಾನವಾಗಿ ಕರಗಿ, ಎಲುಬಿನ ಆಕಾರವನ್ನೇ ಉಳಿಸಿಕೊಂಡ ಮೆತ್ತನೆಯ, ಅರೆಪಾರದರ್ಶಕವಾದ ಒಂದು ತುಣುಕು ಕೆಳಗೆ ಉಳಿಯುತ್ತದೆ. ಅದೇ ಕೊಲಾಜೆನ್. ಮಣ್ಣಿನ ಕೊಳೆತ ಎಲೆ–ಬೇರುಗಳಿಂದ ಇಳಿದ ಕಂದು ವಸ್ತುಗಳನ್ನು ತೆಳು ಕ್ಷಾರದಲ್ಲಿ ತೊಳೆದು, ತುಸು ಆಮ್ಲ ಬೆರೆತ ಬಿಸಿನೀರಿನಲ್ಲಿ ಅದನ್ನು ಕರಗಿಸಿ, ಸೋಸಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಹತ್ತಿಯ ಎಳೆಯಂತೆ ಹಗುರವಾದ ಬಿಳಿಯ ಪದಾರ್ಥ ದೊರೆಯುತ್ತದೆ. ಅದನ್ನು ಸುಟ್ಟು ಅನಿಲವಾಗಿಸಿ, ಆ ಅನಿಲದಿಂದ ಗ್ರ್ಯಾಫೈಟ್ ಮಾಡಿ, ಸೂಜಿಮೊನೆಯಷ್ಟನ್ನು ಒಂದು ಚಿಕ್ಕ ಲೋಹದ ಹಿಡಿಕೆಯಲ್ಲಿ ಒತ್ತಿ ಯಂತ್ರಕ್ಕೆ ಕೊಡುತ್ತಾರೆ.

ಕೊಲಾಜೆನ್ ನಿಜವಾಗಿಯೂ ಎಲುಬಿನದೇ ಎಂಬುದಕ್ಕೆ ಒಂದು ಸರಳ ಪರೀಕ್ಷೆ ಇದೆ. ಅದರಲ್ಲಿನ ಕಾರ್ಬನ್ ಮತ್ತು ಸಾರಜನಕ ಪರಮಾಣುಗಳ ಅನುಪಾತ 2.9ರಿಂದ 3.6ರ ಒಳಗೆ ಇರಬೇಕು. ಹೊರಗೆ ಹೋದರೆ ಮಾದರಿ ಕೆಟ್ಟಿದೆ ಅಥವಾ ಏನೋ ಬೆರೆತಿದೆ ಎಂದು ಬದಿಗಿಡುತ್ತಾರೆ.

ಮೊದಲಿನ ದಿನಗಳಲ್ಲಿ ಪರಮಾಣು ಮಾರ್ಪಡುವುದನ್ನೇ ಕಾದು ಎಣಿಸುತ್ತಿದ್ದರು. ಒಂದು ಗ್ರಾಂ ಹೊಸ ಕಾರ್ಬನ್‌ನಲ್ಲಿ ನಿಮಿಷಕ್ಕೆ ಸುಮಾರು 14 ಪರಮಾಣುಗಳು ಮಾತ್ರ ಮಾರ್ಪಡುವುದರಿಂದ ಮಾದರಿಯೂ ಹೆಚ್ಚು ಬೇಕಿತ್ತು, ದಿನಗಟ್ಟಲೆ ಕಾಯಲೂ ಬೇಕಿತ್ತು. 1970ರ ದಶಕದ ಕೊನೆಯಲ್ಲಿ ಬಂದ ವೇಗವರ್ಧಕ ರಾಶಿಮಾಪನ ವಿಧಾನದಲ್ಲಿ ಪರಮಾಣುಗಳು ಸಾಯುವವರೆಗೆ ಕಾಯಬೇಕಿಲ್ಲ. ಅವುಗಳಿಗೆ ವಿದ್ಯುದಾವೇಶ ಕೊಟ್ಟು, ಭಾರಿ ವೇಗದಲ್ಲಿ ಓಡಿಸಿ, ಕಾಂತಕ್ಷೇತ್ರದಲ್ಲಿ ತೂಕಕ್ಕೆ ತಕ್ಕಂತೆ ಬಾಗಿಸಿ, ಕಾರ್ಬನ್-14 ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಒಂದು ಮಿಲಿಗ್ರಾಂ ಕಾರ್ಬನ್ ಸಾಕು. ನಮ್ಮ ದೇಶದಲ್ಲಿ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಕಡೆ ಈ ಸೌಲಭ್ಯವಿದೆ.

ಇಷ್ಟೆಲ್ಲ ಇದ್ದರೂ ನಮ್ಮ ಸೀಮೆಯ ಎಲುಬುಗಳಿಗೆ ಈ ವಿಧಾನ ಎಷ್ಟೋ ಸಲ ಒಗ್ಗುವುದಿಲ್ಲ. ಕೊಲಾಜೆನ್‌ಗೆ ತಂಪು ಬೇಕು. ಯುರೋಪಿನ ಗುಹೆಗಳಲ್ಲಿ ಹತ್ತಾರು ಸಾವಿರ ವರ್ಷ ಉಳಿಯುವ ಅದು, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ, ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನಲ್ಲಿ ಕೆಲವೇ ಸಾವಿರ ವರ್ಷಗಳಲ್ಲಿ ಕೊಳೆತು ಹೋಗಬಲ್ಲದು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಸ್ಥಿತಿ ಇನ್ನೂ ಕಷ್ಟ. ಆ ಮಣ್ಣು ಆಮ್ಲೀಯವಾದ್ದರಿಂದ ಪ್ರೋಟೀನ್ ಇರಲಿ, ಎಲುಬಿನ ಖನಿಜವೇ ಕರಗುತ್ತದೆ. ಹಾಗಾಗಿ ದಖ್ಖನಿನ ಪುರಾತತ್ತ್ವಜ್ಞರು ಎಲುಬಿನ ಬದಲು ಅದೇ ಪದರದಲ್ಲಿ ಸಿಕ್ಕ ಇದ್ದಿಲಿನ ಮೇಲೆ ಹೆಚ್ಚು ಅವಲಂಬಿಸುತ್ತಾರೆ. ಇದ್ದಿಲು ಹೇಳುವುದು ಮರ ಬೆಳೆದ ಕಾಲವನ್ನು. ಎಲುಬಿಗೂ ಇದ್ದಿಲಿಗೂ ಒಂದೇ ಕಾಲ ಎಂಬುದನ್ನು ಮಣ್ಣಿನ ಪದರ ನೋಡಿ ಉತ್ಖನನಕಾರನೇ ನಿರ್ಣಯಿಸಬೇಕು, ಯಂತ್ರ ಅದನ್ನು ಹೇಳುವುದಿಲ್ಲ.

ಮೊದಲ ಶರತ್ತು: ಶುರುವಿನಲ್ಲಿ ಎಷ್ಟಿತ್ತು

ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಭೂಮಿಯ ಕಾಂತಶಕ್ತಿ, ಸೂರ್ಯನ ಚಟುವಟಿಕೆ ಬದಲಾದಂತೆ ಅದೂ ಏರಿಳಿದಿದೆ. ಈ ಏರಿಳಿತವನ್ನು ಸರಿಪಡಿಸಲು ಮರದ ವಾರ್ಷಿಕ ಉಂಗುರಗಳು, ಸರೋವರದ ತಳದ ಪದರಗಳು, ಗುಹೆಯ ಸುಣ್ಣದ ನೇತಾಡುಗಂಬಗಳು ಇವುಗಳಿಂದ ಜಾಗತಿಕ ಪಟ್ಟಿಯೊಂದನ್ನು ಕಟ್ಟಿದ್ದಾರೆ. 2020ರಲ್ಲಿ ಪರಿಷ್ಕರಿಸಿದ ಪಟ್ಟಿ 55,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ವರದಿಗಳಲ್ಲಿ ‘ಇಂದಿಗೆ ಇಷ್ಟು ವರ್ಷ ಹಿಂದೆ’ ಎಂದಿದ್ದರೆ ಆ ‘ಇಂದು’ 1950ನೆಯ ಇಸವಿ. ಅದರ ನಂತರ ಅಣುಬಾಂಬಿನ ಪರೀಕ್ಷೆಗಳಿಂದ 1960ರ ದಶಕದ ಮೊದಲ ಭಾಗದಲ್ಲಿ ಗಾಳಿಯ ಕಾರ್ಬನ್-14 ಉತ್ತರಾರ್ಧಗೋಳದಲ್ಲಿ ಸುಮಾರು ಇಮ್ಮಡಿಯಾಯಿತು.

ನಮ್ಮ ಭಾಗಕ್ಕೆ ಸಂಬಂಧಿಸಿದ ತೊಡಕು ಇನ್ನೊಂದು. ಮನೆಯಂಗಳಕ್ಕೆ ಹಾಸುವ ಶಹಾಬಾದ್ ಕಲ್ಲು, ವಾಡಿ–ಸೇಡಂ ಸಿಮೆಂಟ್ ಕಾರ್ಖಾನೆಗಳು ಅರೆಯುವ ಕಲ್ಲು, ಎಲ್ಲವೂ ಭೀಮಾ ಸೀಮೆಯ ಸುಣ್ಣದಕಲ್ಲು. ಕೋಟ್ಯಂತರ ವರ್ಷ ಹಳೆಯದಾದ ಆ ಕಲ್ಲಿನ ಕಾರ್ಬನ್‌ನಲ್ಲಿ ಕಾರ್ಬನ್-14 ಲವಲೇಶವೂ ಇಲ್ಲ. ಇಂಥ ಕಲ್ಲನ್ನು ಕರಗಿಸಿಕೊಂಡು ಹರಿಯುವ ನೀರಿನಲ್ಲಿ ಬೆಳೆದ ಬಸವನಹುಳ, ಮೀನುಗಳ ದೇಹದಲ್ಲಿ ಕಾರ್ಬನ್-14 ಮೊದಲಿನಿಂದಲೇ ಕಡಿಮೆ ಇರಬಹುದು. ಆಗ ನಿನ್ನೆ ಸತ್ತ ಬಸವನಹುಳದ ಚಿಪ್ಪೂ ನೂರಾರು ವರ್ಷ ಹಳೆಯದೆಂದು ಕಾಣುತ್ತದೆ, ಹೊಳೆಯ ಮೀನನ್ನೇ ಹೆಚ್ಚು ತಿಂದವರ ಎಲುಬೂ ಇದ್ದುದಕ್ಕಿಂತ ಹಳೆಯದೆಂದು ತೋರುತ್ತದೆ. ಜೋಳ, ಮೇವು ತಿಂದ ದನಕ್ಕೆ ಈ ತೊಂದರೆ ಇಲ್ಲ.

ಐವತ್ತು ಸಾವಿರ ವರ್ಷಗಳ ಆಚೆ

ಇಸಾಂಪುರದ ಹಲ್ಲಿಗೆ ಕಾರ್ಬನ್ ಪರೀಕ್ಷೆ ಏಕೆ ಮಾಡುವುದಿಲ್ಲ? ಒಂದು ಗ್ರಾಂನಲ್ಲಿರುವ 6,000 ಕೋಟಿ ಪರಮಾಣುಗಳನ್ನು ಅರ್ಧ ಮಾಡುತ್ತ ಹೋದರೆ 36ನೆಯ ಸಲಕ್ಕೆ ಒಂದು ಪರಮಾಣು ಉಳಿದರೆ ಉಳಿಯಬಹುದು, ಇಲ್ಲದಿದ್ದರೆ ಇಲ್ಲ. 36 ಅರ್ಧಾಯು ಎಂದರೆ ಸುಮಾರು 2 ಲಕ್ಷ ವರ್ಷ. 12 ಲಕ್ಷ ವರ್ಷದ ವಸ್ತುವಿನಲ್ಲಿ ಎಣಿಸಲು ಏನೂ ಇರುವುದಿಲ್ಲ.

ಅಷ್ಟು ದೂರ ಹೋಗುವ ಮೊದಲೇ, ಸುಮಾರು 50,000 ವರ್ಷಗಳ ಹತ್ತಿರ, ಈ ವಿಧಾನ ಕೈಚೆಲ್ಲುತ್ತದೆ. ಆಗ ಮೂಲದ ಶೇ. 0.24ರಷ್ಟು ಮಾತ್ರ ಉಳಿದಿರುತ್ತದೆ, ಹೊರಗಿನ ಚೂರು ಕಲಬೆರಕೆಯೂ ಲೆಕ್ಕವನ್ನು ಕೆಡಿಸುತ್ತದೆ. ಎಷ್ಟು ಕೆಡಿಸುತ್ತದೆ ಎಂದರೆ, ಕಾರ್ಬನ್-14 ಪೂರ್ತಿ ಮುಗಿದುಹೋದ ಲಕ್ಷಾಂತರ ವರ್ಷದ ಎಲುಬಿನಲ್ಲಿ ಶೇ. 1ರಷ್ಟು ಇಂದಿನ ಕಾರ್ಬನ್ ಸೇರಿಕೊಂಡರೆ ಯಂತ್ರ ಅದನ್ನು ಸುಮಾರು 37,000 ವರ್ಷದ್ದೆಂದು ಹೇಳುತ್ತದೆ. ಇಲ್ಲಿ ಯಂತ್ರದ ತಪ್ಪಿಲ್ಲ, ಮೂರನೆಯ ಶರತ್ತು ಮುರಿದಿರುತ್ತದೆ.

ಯುರೇನಿಯಂ: ಮಣ್ಣಿನಿಂದ ಶುರುವಾಗುವ ಎಣಿಕೆ

ಶಹಾಪುರ ತಾಲ್ಲೂಕಿನ ಗೋಗಿಯ ಯುರೇನಿಯಂ ನಿಕ್ಷೇಪದ ಸುದ್ದಿಯಿಂದ ಈ ಹೆಸರು ನಮ್ಮ ಓದುಗರಿಗೆ ಪರಿಚಿತ. ಆದರೆ ಗಣಿ ಇದ್ದಲ್ಲಿ ಮಾತ್ರ ಯುರೇನಿಯಂ ಇರುವುದಿಲ್ಲ. ಎಲ್ಲ ಊರಿನ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಕಣಮಾತ್ರವಾದರೂ ಅದು ಇದೆ. ಬದುಕಿರುವ ಪ್ರಾಣಿಯ ಎಲುಬಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೂತ ಮೇಲೆ ಎಲುಬಿನ ಖನಿಜ ನೀರಿನಿಂದ ಅದನ್ನು ಹೀರಿಕೊಳ್ಳುತ್ತದೆ.

ಯುರೇನಿಯಂ ಒಂದೇ ಹೆಜ್ಜೆಗೆ ಸೀಸವಾಗುವುದಿಲ್ಲ, ಹಲವು ಮಜಲುಗಳಿವೆ. ಕಾಲನಿರ್ಣಯಕ್ಕೆ ಬೇಕಾದ ಮಜಲು ಯುರೇನಿಯಂ-234 ಮಾರ್ಪಟ್ಟು ಥೋರಿಯಂ-230 ಆಗುವುದು. ಮೊದಲನೆಯದರ ಅರ್ಧಾಯು ಸುಮಾರು 2.45 ಲಕ್ಷ ವರ್ಷ, ಎರಡನೆಯದರದ್ದು ಸುಮಾರು 75,600 ವರ್ಷ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ ಎಂಬ ವ್ಯತ್ಯಾಸವೇ ಈ ವಿಧಾನದ ಅಡಿಗಲ್ಲು. ನೀರಿನ ಜೊತೆ ಬಂದದ್ದು ಯುರೇನಿಯಂ ಮಾತ್ರ. ಹಾಗಾದರೆ ಎಲುಬಿನಲ್ಲಿ ಈಗ ಕಾಣುವ ಥೋರಿಯಂ ಅಲ್ಲಿಯೇ ಹುಟ್ಟಿದ್ದು. ಥೋರಿಯಂ ಹೆಚ್ಚಿದ್ದಷ್ಟೂ ಕಾಲ ಹೆಚ್ಚು. ಹುಟ್ಟುವುದೂ ಕರಗುವುದೂ ಸಮವಾಗುವ ಹಂತ ಬಂದ ಮೇಲೆ ವ್ಯತ್ಯಾಸ ಕಾಣದಾಗುವುದರಿಂದ ಇದಕ್ಕೂ ಮಿತಿ ಇದೆ. ಹಳೆಯ ಉಪಕರಣಗಳಿಗೆ ಅದು ಸುಮಾರು 3.5 ಲಕ್ಷ ವರ್ಷ ಇತ್ತು, ಈಗ ಇನ್ನಷ್ಟು ಹಿಂದಕ್ಕೆ ಹೋಗಬಹುದು.

ಹುಣಸಗಿ–ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ್ದು ಈ ವಿಧಾನದ ಫಲಿತಾಂಶ. ಕೈಕೊಡಲಿಗಳು ಸಿಗುವ ಆದಿ ಶಿಲಾಯುಗದ ನೆಲೆಗಳಿಂದ ತೆಗೆದ ಪ್ರಾಣಿ ಅವಶೇಷಗಳಿಗೆ ಸುಮಾರು 2.9 ಲಕ್ಷ ವರ್ಷ ಎಂಬ ಲೆಕ್ಕ ಬಂತು. ಒಂದು ಮಾದರಿಯಂತೂ 3.5 ಲಕ್ಷದ ಮಿತಿಯನ್ನೇ ದಾಟಿತ್ತು, ಎಂದರೆ ಅದಕ್ಕಿಂತ ಹಳೆಯದು ಎನ್ನಬಹುದೇ ಹೊರತು ಎಷ್ಟು ಎನ್ನಲಾಗದು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಈ ಎಣಿಕೆ ಶುರುವಾಗುವುದು ಪ್ರಾಣಿ ಸತ್ತ ದಿನದಿಂದ ಅಲ್ಲ, ಎಲುಬು ಯುರೇನಿಯಂ ಹೀರಿದ ಕಾಲದಿಂದ. ಹೂತ ಕೆಲವೇ ಶತಮಾನಗಳಲ್ಲಿ ಹೀರಿ ಮುಗಿಸಿದ್ದರೆ ವ್ಯತ್ಯಾಸ ನಗಣ್ಯ. ಸಾವಿರಾರು ವರ್ಷ ನಿಧಾನವಾಗಿ ಹೀರುತ್ತಲೇ ಇದ್ದಿದ್ದರೆ ಬರುವ ಸಂಖ್ಯೆ ನಿಜವಾದ ವಯಸ್ಸಿಗಿಂತ ಕಡಿಮೆ. ಮುಂದೆ ಯಾವಾಗಲೋ ನೀರು ಆ ಯುರೇನಿಯಂ ಅನ್ನು ತೊಳೆದುಕೊಂಡು ಹೋಗಿದ್ದರೆ ಥೋರಿಯಂ ಮಾತ್ರ ಹಿಂದುಳಿದು ಸಂಖ್ಯೆ ವಿಪರೀತ ಹೆಚ್ಚಾಗುತ್ತದೆ. ಇದರಿಂದಾಗಿ ಈಚಿನ ವರ್ಷಗಳಲ್ಲಿ ಎಲುಬಿನ ಅಡ್ಡಕೊಯ್ತದಲ್ಲಿ ಹೊರಗಿನಿಂದ ಒಳಗಿನವರೆಗೆ ಹಲವು ಬಿಂದುಗಳಲ್ಲಿ ಅಳೆದು, ಯುರೇನಿಯಂ ಹೇಗೆ ಇಳಿದಿದೆ ಎಂದು ನೋಡಿಯೇ ಲೆಕ್ಕ ಹಾಕುತ್ತಾರೆ.

ಇಸಾಂಪುರದ ಹಲ್ಲು

ಇಸಾಂಪುರ ಆದಿಮಾನವರು ಸುಣ್ಣದಕಲ್ಲಿನ ಚಪ್ಪಡಿಗಳನ್ನು ಒಡೆದು ಉಪಕರಣ ಮಾಡುತ್ತಿದ್ದ ಜಾಗ. 1990ರ ದಶಕದ ಕೊನೆಯ ಉತ್ಖನನದಲ್ಲಿ ಅಲ್ಲಿ ಕಲ್ಲಿನ ಉಪಕರಣಗಳ ಜೊತೆ ದನದ ಜಾತಿಯ ಪ್ರಾಣಿಗಳ ಹಲ್ಲುಗಳೂ ದೊರೆತವು. ಅವುಗಳಿಗೆ ಬಳಸಿದ್ದು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಚಿಕ್ಕದಾಗಿ ಇಎಸ್‌ಆರ್ ಎಂಬ ವಿಧಾನ. ಇಲ್ಲಿ ಉಳಿದ ಪರಮಾಣುಗಳನ್ನು ಎಣಿಸುವುದಿಲ್ಲ. ಸುತ್ತಲಿನ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಶಿಯಂಗಳಿಂದ ಮತ್ತು ಹಲ್ಲೊಳಗೇ ಸೇರಿದ ಯುರೇನಿಯಂನಿಂದ ಹೊರಟ ವಿಕಿರಣ ಎನಾಮಲ್‌ನ ಹರಳುಗಳನ್ನು ಹಾಯುವಾಗ ಎಲೆಕ್ಟ್ರಾನ್‌ಗಳು ತಮ್ಮ ಜಾಗದಿಂದ ಎದ್ದು ಹರಳಿನ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ವರ್ಷ ಕಳೆದಂತೆ ಸಿಕ್ಕಿಕೊಂಡವುಗಳ ಸಂಖ್ಯೆ ಏರುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಎನಾಮಲ್ ಪುಡಿಯನ್ನಿಟ್ಟು ಅವು ಎಷ್ಟಿವೆ ಎಂದು ಅಳೆಯುತ್ತಾರೆ; ಅದೇ ಪುಡಿಗೆ ಪ್ರಯೋಗಾಲಯದಲ್ಲಿ ಗೊತ್ತಾದ ಪ್ರಮಾಣದ ವಿಕಿರಣ ಕೊಟ್ಟು, ಎಷ್ಟು ವಿಕಿರಣಕ್ಕೆ ಎಷ್ಟು ಏರುತ್ತದೆ ಎಂದು ಹೋಲಿಸುತ್ತಾರೆ. ಹಲ್ಲು ಒಟ್ಟು ಪಡೆದ ವಿಕಿರಣವನ್ನು, ಅದು ವರ್ಷಕ್ಕೆ ಪಡೆಯುತ್ತಿದ್ದ ವಿಕಿರಣದಿಂದ ಭಾಗಿಸಿದರೆ ವಯಸ್ಸು ಸಿಗುತ್ತದೆ.

2002ರಲ್ಲಿ ಪ್ರಕಟವಾದ ಇಸಾಂಪುರದ ಫಲಿತಾಂಶ 12.7 ಲಕ್ಷ ವರ್ಷ, ಅದರ ಹಿಂದೆ ಮುಂದೆ 1.7 ಲಕ್ಷ. ಪತ್ರಿಕೆಗಳು ಈ ಎರಡನೆಯ ಸಂಖ್ಯೆಯನ್ನು ಬಿಟ್ಟುಬಿಡುತ್ತವೆ. ಅದನ್ನು ಸೇರಿಸಿ ಓದಿದರೆ 11 ಲಕ್ಷದಿಂದ 14.4 ಲಕ್ಷದವರೆಗಿನ ಹರವು ಎಂದಾಗುತ್ತದೆ. ಇದಲ್ಲದೆ ಯುರೇನಿಯಂ ಹಲ್ಲಿಗೆ ಯಾವ ಗತಿಯಲ್ಲಿ ಸೇರಿತು ಎಂಬ ಊಹೆಯೂ ಲೆಕ್ಕದೊಳಗೆ ಕೂತಿದೆ. ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ಪ್ರಕಟವಾದದ್ದು ಇದಕ್ಕಿಂತ ಬೇರೆಯದೇ ದಾರಿಯಿಂದ: ಅಲ್ಲಿ ಅಳೆದದ್ದು ಕಲ್ಲಿನೊಳಗಿನ ಬೆರಿಲಿಯಂ-10 ಮತ್ತು ಅಲ್ಯೂಮಿನಿಯಂ-26 ಎಂಬ ಅಪರೂಪದ ಸಮಸ್ಥಾನಿಗಳನ್ನು. ಅವು ಹೇಳುವುದು ಕಲ್ಲು ಯಾವಾಗ ಮಣ್ಣಿನಡಿ ಹೂತುಹೋಯಿತು ಎಂಬುದನ್ನು.

ಕ್ಯಾಲ್ಸಿಯಂ-41: ಎಲುಬಿಗೇ ಹೇಳಿಮಾಡಿಸಿದ ಪರಮಾಣು

ಕಾರ್ಬನ್ ಬೇಗ ಮುಗಿಯುತ್ತದೆ, ಯುರೇನಿಯಂ ಹೊರಗಿನಿಂದ ಬರುತ್ತದೆ. ಎಲುಬಿನದೇ ಆದ, ನಿಧಾನವಾಗಿ ಕರಗುವ ಪರಮಾಣು ಒಂದಿದ್ದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನಿಸುತ್ತದೆ. ಅಂಥದ್ದೊಂದಿದೆ. ನೆಲದ ಮೇಲ್ಪದರದ ಕೆಲವು ಮೀಟರ್ ಆಳದಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಾನ್ ಸಾಮಾನ್ಯ ಕ್ಯಾಲ್ಸಿಯಂ-40ನ್ನು ಸೇರಿದಾಗ ಕ್ಯಾಲ್ಸಿಯಂ-41 ಆಗುತ್ತದೆ. ಅದರ ಅರ್ಧಾಯು ಸುಮಾರು 1 ಲಕ್ಷ ವರ್ಷ. ಮಣ್ಣಿನಿಂದ ಮೇವಿಗೆ, ಮೇವಿನಿಂದ ದನದ ಎಲುಬಿಗೆ ಅದು ಬರುತ್ತದೆ. ಇದನ್ನು ಕಾಲನಿರ್ಣಯಕ್ಕೆ ಬಳಸಬಹುದೆಂಬ ಪ್ರಸ್ತಾಪ 1979ರಷ್ಟು ಹಳೆಯದು.

ಪ್ರಸ್ತಾಪ ಇಷ್ಟು ಕಾಲ ಕಾಗದದಲ್ಲೇ ಉಳಿದದ್ದು ಅಳೆಯುವ ಕಷ್ಟದಿಂದ. ಇದರ ಪ್ರಮಾಣ ಸುಮಾರು ಹತ್ತು ಕೋಟಿ ಕೋಟಿ ಕ್ಯಾಲ್ಸಿಯಂ ಪರಮಾಣುಗಳಿಗೆ ಒಂದು. ಕಾರ್ಬನ್-14ಕ್ಕಿಂತ ಸಾವಿರ ಪಟ್ಟು ವಿರಳ. ತೂಕದಲ್ಲಿ ಪೊಟ್ಯಾಶಿಯಂ-41 ಇದಕ್ಕೆ ಹೆಚ್ಚುಕಡಿಮೆ ಸಮನಾಗಿರುವುದರಿಂದ ತೂಕ ನೋಡಿ ಬೇರ್ಪಡಿಸುವ ಯಂತ್ರಗಳು ಎಡವುತ್ತವೆ. ಚೀನಾದ ಹೆಫೆಯಲ್ಲಿರುವ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ತೂಕವನ್ನು ಬಿಟ್ಟು ಬಣ್ಣವನ್ನು ಹಿಡಿದಿದ್ದಾರೆ: ಕ್ಯಾಲ್ಸಿಯಂ-41 ಮಾತ್ರ ಹೀರಬಲ್ಲ ಕರಾರುವಾಕ್ಕಾದ ಬಣ್ಣದ ಲೇಸರ್ ಬೆಳಕಿನಿಂದ ಆ ಪರಮಾಣುಗಳನ್ನು ನಿಧಾನಿಸಿ, ಒಂದು ಜಾಗದಲ್ಲಿ ಹಿಡಿದು ನಿಲ್ಲಿಸಿ, ಅವು ಹೊಳೆಯುವುದನ್ನು ನೋಡಿ ಒಂದೊಂದಾಗಿ ಎಣಿಸುತ್ತಾರೆ. ಎಲುಬು, ಕಲ್ಲು, ಸಮುದ್ರದ ನೀರು ಮೂರರ ಮೇಲೂ ಇದನ್ನು ಪ್ರಯೋಗಿಸಿ, ನೂರು ಕೋಟಿ ಕೋಟಿಗೆ ಒಂದು ಎಂಬ ಮಟ್ಟದಲ್ಲೂ ಅಳೆಯಬಹುದೆಂದು ತೋರಿಸಿದ್ದಾರೆ.

ಎಣಿಸುವುದು ಸಾಧ್ಯವಾದರೂ ಮೊದಲ ಶರತ್ತು ಇಲ್ಲಿ ಗಟ್ಟಿಯಾಗಿಲ್ಲ. ಕಾರ್ಬನ್-14 ಗಾಳಿಯಲ್ಲಿ ಬೆರೆತು ಜಗತ್ತಿಗೆಲ್ಲ ಒಂದೇ ಸಮ ಆಗುತ್ತದೆ. ಕ್ಯಾಲ್ಸಿಯಂ-41 ಹುಟ್ಟಿದ ಮಣ್ಣಿನಲ್ಲೇ ಇರುತ್ತದೆ. ಮಣ್ಣು ಎಷ್ಟು ಬೇಗ ಕೊಚ್ಚಿಹೋಗುತ್ತದೆ, ಕಲ್ಲು ಯಾವುದು, ಊರು ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಪ್ರಮಾಣ ಊರಿಂದೂರಿಗೆ ಬದಲಾಗುತ್ತದೆ. ಹೀಗಾಗಿ ಇದನ್ನು ಬಳಸಬೇಕಾದರೆ ಮೊದಲು ಆಯಾ ಸೀಮೆಯ ಇಂದಿನ ದನ, ಕುರಿಗಳ ಎಲುಬಿನಲ್ಲಿ ಎಷ್ಟಿದೆ ಎಂದು ಅಳೆಯಬೇಕಾಗುತ್ತದೆ.

ಹುಣಸಗಿ ಕಣಿವೆಗೆ ಲೆಕ್ಕ ಹಾಕಿ ನೋಡಬಹುದು. 2.9 ಲಕ್ಷ ವರ್ಷದ ಎಲುಬಾದರೆ ಮೂಲದ ಶೇ. 13ರಷ್ಟು ಕ್ಯಾಲ್ಸಿಯಂ-41 ಉಳಿದಿರಬೇಕು. ಅದು ಈಗಿನ ಲೇಸರ್ ವಿಧಾನದ ಕೈಗೆಟುಕುವ ಮಟ್ಟ. 12.7 ಲಕ್ಷ ವರ್ಷದ್ದಾದರೆ ಉಳಿಯುವುದು ಆರೂವರೆ ಸಾವಿರದಲ್ಲಿ ಒಂದು ಪಾಲು. ಯುರೇನಿಯಂ ವಿಧಾನದ ಸಂಖ್ಯೆಗಳನ್ನು ಮುಂದೆ ಯಾರಾದರೂ ಕ್ಯಾಲ್ಸಿಯಂನಿಂದ ಒರೆಗೆ ಹಚ್ಚಬಹುದು, ಇಸಾಂಪುರದ ಹಲ್ಲನ್ನು ಮಾತ್ರ ಸದ್ಯಕ್ಕೆ ಇದರಿಂದ ತೂಗಲಾಗದು.

ಎಲುಬು ಸಿಕ್ಕವರ ಕೈಯಲ್ಲಿರುವುದು

ಇಷ್ಟು ಓದಿದವರಿಗೆ, ಸಿಕ್ಕ ಎಲುಬನ್ನು ತೊಳೆದು ಒಪ್ಪವಾಗಿ ಇಡುವುದು ಏಕೆ ಕೆಡಕು ಎಂಬುದು ಗೊತ್ತಾಗಿರುತ್ತದೆ. ಬಿರುಕಿಗೆ ಹಚ್ಚಿದ ಫೆವಿಕಾಲ್, ಹೊಳಪಿಗೆ ಬಳಿದ ಪೆಟ್ರೋಲಿಯಂ ಮೂಲದ ವಾರ್ನಿಶ್ ಎರಡರಲ್ಲೂ ಇರುವುದು ಕಾರ್ಬನ್-14 ಇಲ್ಲದ ಕಾರ್ಬನ್. ಅವು ಎಲುಬನ್ನು ಸುಳ್ಳೇ ಹಳೆಯದಾಗಿಸುತ್ತವೆ. ಕೈಬೆವರು, ಎಣ್ಣೆ, ಹತ್ತಿ ಅದನ್ನು ಸುಳ್ಳೇ ಹೊಸದಾಗಿಸುತ್ತವೆ. ತೊಳೆದು ಎಸೆದ ಮಣ್ಣಿನಲ್ಲಿ ಇಎಸ್‌ಆರ್ ಲೆಕ್ಕಕ್ಕೆ ಬೇಕಾದ ಯುರೇನಿಯಂ, ಥೋರಿಯಂ, ಪೊಟ್ಯಾಶಿಯಂಗಳ ಪ್ರಮಾಣ ಇತ್ತು. ಕಿತ್ತು ಮನೆಗೆ ತಂದ ಮೇಲೆ ಅದು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಯಾವ ಕಲ್ಲಿನ ಪಕ್ಕದಲ್ಲಿತ್ತು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಆದ್ದರಿಂದ ಅಗೆತ ನಿಲ್ಲಿಸಿ, ಎಲುಬನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನನ್ನಿಟ್ಟು ಹತ್ತಿರದಿಂದ ಮತ್ತು ದೂರದಿಂದ ಫೋಟೊ ತೆಗೆದು, ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸುವುದು ಒಳ್ಳೆಯದು. ಮಳೆಯೋ ಕಾಲುವೆ ನೀರೋ ಬಂದು ಅದು ಉಳಿಯುವಂತಿಲ್ಲ ಎಂದಾದರೆ ಮಾತ್ರ, ಸುತ್ತಲಿನ ಮಣ್ಣಿನ ಸಮೇತ ಒಂದು ಹೆಂಟೆಯಾಗಿ ಎಬ್ಬಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಜಾಗ ಮತ್ತು ಆಳವನ್ನು ಬರೆದ ಚೀಟಿಯನ್ನು ಹಾಳೆಯ ಹೊರಗೆ ಕಟ್ಟಿಡಬೇಕು.